ಒಂದಡಿ ಮುಂದೆ ಬಂದ ಗೋಡೆ

ನಮ್ಮ ಕಡೆಯ ಜನ ಏನನ್ನೇ ಕೊಳ್ಳಲಿ, ಮೊದಲು ಬಡಿದು ನೋಡುತ್ತಾರೆ. ಗಡಿಗೆಯನ್ನು ಬೆರಳಿನ ಗೆಣ್ಣಿನಿಂದ ಬಡಿಯುತ್ತಾರೆ, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಬಡಿಯುತ್ತಾರೆ, ಕಲ್ಲಂಗಡಿಗೆ ತಪ್ಪು ಮಾಡಿದ ಹುಡುಗನಿಗೆ ಹಾಕುವಂತೆ ಒಂದು ಏಟು ಹಾಕುತ್ತಾರೆ. ನಾನು ಗೋಡೆಗೆ ಹಚ್ಚುವ ಕಟ್ಟಿಗೆ ಪ್ಯಾನೆಲ್ಲುಗಳನ್ನು ಹುಬ್ಬಳ್ಳಿಯಿಂದ ತರಿಸಿ ಬೆಟಗೇರಿಯ ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದಾಗ ಬಂದವರೆಲ್ಲ ಅವನ್ನೂ ಬಡಿದರು. ಬಡಿದು, ನನ್ನ ಮುಖ ನೋಡಿ, "ಪೊಳ್ಳ ಐತಲ್ರಿ" ಎಂದರು. ಗೋಡೆಯಿಂದ ಎರಡು ಬೆರಳು ಬಿಟ್ಟು ಪಟ್ಟಿಯ ಮೇಲೆ ಕೂರಿಸುವ ಹಲಗೆ ಟೊಳ್ಳು ಸದ್ದು ಮಾಡದೆ ಗುಡಿಯ ಗಂಟೆಯಂತೆ ಬಾರಿಸಬೇಕೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ. ಅಂಜಿಕೆ ಅದಕ್ಕಿಂತ ಬೇಗ ಬರುತ್ತದೆ. ಸಿಟ್ಟಿನ ಅರ್ಧ ಭಾಗ ಅಂಜಿಕೆಯೇ ಎಂದು ತಿಳಿಯುವಷ್ಟರಲ್ಲಿ ನನ್ನ ತಲೆ ನರೆತಿತ್ತು.

ಆಗ ಗದಗ ಜಿಲ್ಲೆಯಾಗಿ ಒಂದಷ್ಟು ವರ್ಷ ಕಳೆದಿತ್ತು. ಜಿಲ್ಲೆ ಆದದ್ದಕ್ಕೆ ಕಚೇರಿಗಳು ಬಂದವು, ಕಚೇರಿಗಳಿಗೆ ಸಾಹೇಬರು ಬಂದರು, ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ಸಾಗವಾನಿ ಬಣ್ಣದ ಹಲಗೆ ಬಂತು. ಅರ್ಜಿ ಹಿಡಿದು ಹೋದ ಜನ ಸಾಹೇಬರ ಮುಖಕ್ಕಿಂತ ಆ ಗೋಡೆಯನ್ನೇ ಹೆಚ್ಚು ನೋಡಿ ಬಂದರು. ನಮ್ಮ ಮನೆಯಲ್ಲೂ ಹಾಗೊಂದು ಗೋಡೆ ಇರಲಿ ಎಂಬ ಆಸೆ ಊರಿಂದೂರಿಗೆ ಹಬ್ಬಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲ ಕಡೆಯಿಂದ ನನಗೆ ಫೋನು ಬರತೊಡಗಿತು. ಖರೆ ಹೇಳಬೇಕೆಂದರೆ ಹೆಚ್ಚಿನವರಿಗೆ ಬೇಕಾಗಿದ್ದುದು ಚಂದವಲ್ಲ. ನಮ್ಮ ನೀರು ಸವಳು. ಗೋಡೆ ಸೊಂಟದ ಮಟ್ಟಕ್ಕೆ ಉಪ್ಪು ಬಿಟ್ಟು ಸುಣ್ಣ ಉದುರಿಸುತ್ತದೆ. ಅದನ್ನು ಮುಚ್ಚಲು ಒಂದು ಮರೆ ಬೇಕಾಗಿತ್ತು. ಹೊರಗೆ ಥಳಕು, ಒಳಗೆ ಹುಳುಕು ಎಂದು ನನ್ನ ಅಪ್ಪ ನನ್ನ ಕಸುಬನ್ನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದ.

ಅಪ್ಪನೂ ಬಡಗಿಯೇ. ಬಾಗಿಲು, ಚೌಕಟ್ಟು, ತೊಟ್ಟಿಲು ಮಾಡುತ್ತಿದ್ದ. ಆದರೆ ಅವನ ಹೆಸರು ಓಡಿದ್ದು ಕೈಯಿಂದಲ್ಲ, ಲೆಕ್ಕದಿಂದ. ಅಪ್ಪ ಆಯ ಹೇಳುತ್ತಿದ್ದ. ಆಯ ಎಂದರೆ ಮನೆಯ ಅಳತೆಯ ಶಕುನ. ಕೋಣೆಯ ಒಳಗಿನ ಉದ್ದ ಅಗಲವನ್ನು ಅಡಿಯಲ್ಲಿ ಹಿಡಿದು ಗುಣಿಸಬೇಕು, ಬಂದದ್ದನ್ನು ಎಂಟರಿಂದ ಭಾಗಿಸಬೇಕು, ಉಳಿದ ಅಂಕಿಯೇ ಆಯ. ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೆಟ್ಟದ್ದು, ಎಲ್ಲಕ್ಕಿಂತ ಮೇಲಿನದು ಧ್ವಜಾಯ. ಲಕ್ಷ್ಮೇಶ್ವರದ ಒಬ್ಬ ಹಿಂದೂ ಬಡಗಿಯ ಕೈಕೆಳಗೆ ಉಳಿ ಹಿಡಿಯುವುದನ್ನು ಕಲಿಯುವಾಗಲೇ ಅಪ್ಪ ಇದನ್ನೂ ಕಲಿತಿದ್ದ. ಸಾಬರು ಬಂದು ಆಯ ಹೇಳದೆ ಆ ಕಡೆ ಎಷ್ಟೋ ಮನೆಗಳಿಗೆ ಬುನಾದಿ ಬೀಳುತ್ತಿರಲಿಲ್ಲ. ನಾವು ಐದು ಹೊತ್ತು ನಮಾಜು ಮಾಡುವವರು, ಇದೆಲ್ಲ ನಮಗೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. ಲೆಕ್ಕ ಯಾರ ದೇವರದೂ ಅಲ್ಲ, ಎಂಟರದು ಎಂದಿದ್ದ.

ನಮ್ಮ ಮನೆಯ ಮಾತು ಉರ್ದು. ಆದರೆ ಕಟ್ಟಿಗೆಯ ಮುಂದೆ ಕೂತಾಗ ಅಪ್ಪನೂ ನಾನೂ ಕನ್ನಡವನ್ನೇ ಆಡುತ್ತಿದ್ದೆವು. ಕಸುಬು ಅವನಿಗೆ ಆ ಭಾಷೆಯಲ್ಲೇ ಬಂದಿತ್ತು. ನಾನು ಹೇಳುತ್ತಿರುವ ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಅಂಗಡಿಯಲ್ಲಿ ಕೂತು ನನ್ನ ಪ್ಯಾನೆಲ್ಲುಗಳನ್ನು ಕೈಯಿಂದ ಸವರಿ, ಇದರಲ್ಲಿ ಗಿಡ ಎಲ್ಲಿದೆ ಎಂದು ಹುಡುಕುತ್ತಿದ್ದ. ಕಟ್ಟಿಗೆಯ ಪುಡಿಯನ್ನು ಒತ್ತಿ ಮಾಡಿದ ಹಲಗೆಯಲ್ಲಿ ಗಿಡ ಎಲ್ಲಿಂದ ಸಿಗಬೇಕು?

ಮುಂಡರಗಿಯಿಂದ ಫೋನು ಮಾಡಿದವರು ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಒಬ್ಬ ಹೆಂಗಸು. ಅರವತ್ತು ದಾಟಿತ್ತು, ಗಂಡ ಹೋಗಿ ಬಹಳ ವರ್ಷವಾಗಿತ್ತು, ದಿನಕ್ಕೆ ಮೂರು ಬುಟ್ಟಿ ರೊಟ್ಟಿ ಬಡಿಯುವ ಕೈ. ಊರೆಲ್ಲ ಅವರನ್ನು ಅವ್ವಾರ ಎನ್ನುತ್ತಿತ್ತು, ನಾನೂ ಹಾಗೇ ಎಂದೆ. ಖಾನಾವಳಿಯ ಹಿಂದೆಯೇ ಅವರ ಮನೆ. ಅದನ್ನು ಕಟ್ಟುವಾಗ ಆಯ ಹೇಳಿದವನು ನನ್ನ ಅಪ್ಪ. ಅವರು ಆಗ ಹೊಸ ಸೊಸೆಯಾಗಿ ಬಂದವರು. ನಾನು ಒಳಗೆ ಕಾಲಿಟ್ಟಾಗ ಅವರು ಮೊದಲು ಕೇಳಿದ್ದು ಅಪ್ಪನ ಬಗ್ಗೆ, ಅಣ್ಣಾರು ಆರಾಮದಾರೇನು ಎಂದು.

ಕೆಲಸ ಇದ್ದುದು ಪಡಸಾಲೆಗೆ ಹೊಂದಿದ ಖೋಲಿಯಲ್ಲಿ. ಹನ್ನೊಂದಡಿಗೆ ಹನ್ನೊಂದಡಿ, ಚೌಕ. ಪಡುವಣ ಗೋಡೆ ಕಲ್ಲು ಮಣ್ಣಿನದು, ಸವಳು ಹತ್ತಿ ಹೊಟ್ಟೆ ಬಂದಿತ್ತು. ತೂಗುಗುಂಡು ಬಿಟ್ಟು ನೋಡಿದೆ. ನಡುವೆ ಐದು ಇಂಚು ಉಬ್ಬಿತ್ತು. ಪ್ಯಾನೆಲ್ಲು ಅಂಥ ಗೋಡೆಯನ್ನು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಕೊಯ್ದ ಹಲಗೆಗಳು ಅವು. ಒಂದರ ಅಂಚಿನ ನಾಲಿಗೆ ಇನ್ನೊಂದರ ಅಂಚಿನ ಸೀಳಿನಲ್ಲಿ ಕೂರುತ್ತದೆ. ಗೋಡೆ ಒಂದು ಕೂದಲು ವಾರೆಯಾದರೂ ಕೂರುವುದಿಲ್ಲ ಎಂದು ಹಟ ಹಿಡಿಯುತ್ತವೆ. ಹಾಗಾಗಿ ಉಬ್ಬಿನ ಮುಂದೆ ಪಟ್ಟಿಯ ಚೌಕಟ್ಟು ನಿಲ್ಲಿಸಿ, ಗಾಳಿಯಾಡಲು ಒಂದಿಷ್ಟು ಜಾಗ ಬಿಟ್ಟು, ಅದರ ಮೇಲೆ ಹಲಗೆ ಹಚ್ಚಬೇಕು. ಹತ್ತು ಇಂಚು ಸಾಕಾಗುತ್ತಿತ್ತು. ಆದರೆ ಅವರಿಗೆ ನಡುವೆ ಟಿವಿಗೊಂದು ಗೂಡು ಬೇಕಿತ್ತು. ಗೂಡಿನ ಎರಡು ಪಕ್ಕಕ್ಕೆ ಹಲಗೆಯನ್ನು ಕೊಯ್ಯದೆ ಹಾಗೇ ನಿಲ್ಲಿಸಿದರೆ ಗೂಡಿನ ಆಳ ಸರಿಯಾಗಿ ಒಂದಡಿ, ಏಕೆಂದರೆ ಹಲಗೆಯ ಅಗಲ ಒಂದಡಿ. ಈ ಹಲಗೆಯನ್ನು ಕೊಯ್ದರೆ ಕೊಯ್ದ ಅಂಚು ನೀರು ಹೀರಿ ರವೆಯುಂಡೆಯಂತೆ ಉಬ್ಬುತ್ತದೆ. ಕೊಯ್ಯದಿರುವುದೇ ಜಾಣತನ ಎಂದು ನಾನು ಯೋಚಿಸುತ್ತಿರುವಾಗ ಅವರೇ ಬಾಗಿಲಲ್ಲಿ ನಿಂತು, ಬೇಕಾದರೆ ಪೂರಾ ಒಂದಡಿ ಮುಂದೆ ಬರಲಿ, ಅರ್ಧಮರ್ಧ ಮಾಡಬೇಡ ಎಂದರು. ಗಿರಾಕಿಯೇ ಹಾಗೆ ಹೇಳಿದ ಮೇಲೆ ಇನ್ನೇನು ಎಂದು ನಾನು ಖುಷಿಪಟ್ಟೆ.

ಮೂರು ದಿನದ ಕೆಲಸ. ನಾಲ್ಕನೆಯ ದಿನ ಮಧ್ಯಾಹ್ನ ಗೋಡೆ ನಿಂತಿತು. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಸಂದು ಎಲ್ಲಿದೆ ಎಂದು ಉಗುರಿನಿಂದ ಹುಡುಕಿದರೂ ಸಿಗುವಂತಿರಲಿಲ್ಲ. ಅವರು ಕೈ ಒರೆಸಿಕೊಂಡು ಬಂದು ನೋಡಿದರು. ವಿಚಿತ್ರವೆಂದರೆ ಬಡಿದು ನೋಡಲಿಲ್ಲ. ಮಡಿಚಿಟ್ಟಿದ್ದ ಜಮಖಾನೆಯನ್ನು ತಂದು ಹಾಸಿದರು. ಮೊದಲು ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುತ್ತಿದ್ದ ಜಮಖಾನೆ ಈಗ ಒಂದಡಿ ಉಳಿದು ನನ್ನ ಹೊಸ ಗೋಡೆಯ ಬುಡದಲ್ಲಿ ಮಡಿಕೆ ಬಿತ್ತು. ಹೊಸದನ್ನು ತರಿಸಬೇಕು, ಅಳತೆ ಹೇಳು ಎಂದರು. ಟೇಪು ಹಿಡಿದೆ. ಹನ್ನೊಂದು, ಹತ್ತು.

ಅಪ್ಪನ ಪಕ್ಕದಲ್ಲಿ ಬೆಳೆದವನಿಗೆ ಎರಡು ಅಂಕಿ ಸಿಕ್ಕರೆ ಸುಮ್ಮನಿರಲು ಬರುವುದಿಲ್ಲ. ಹನ್ನೊಂದು ಹತ್ತಲಿ ನೂರಾ ಹತ್ತು. ಎಂಟು ಹದಿಮೂರಲಿ ನೂರಾ ನಾಲ್ಕು. ಉಳಿದದ್ದು ಆರು. ಖರ. ಖರ ಎಂದರೆ ಕತ್ತೆ. ಅಪ್ಪ ಕೊಟ್ಟಿದ್ದುದು ಹನ್ನೊಂದು ಹನ್ನೊಂದಲಿ ನೂರಾ ಇಪ್ಪತ್ತೊಂದು, ಒಂದು ಉಳಿದ ಧ್ವಜಾಯ. ಅಪ್ಪನ ಧ್ವಜವನ್ನು ಇಳಿಸಿ ಮಗ ಕತ್ತೆಯನ್ನು ಕಟ್ಟಿದ್ದ. ಒಂಬತ್ತು ಇಂಚಿಗೋ ಹತ್ತು ಇಂಚಿಗೋ ನಿಲ್ಲಿಸಿದ್ದರೆ ಗುಣಿಸಿದ್ದು ಪೂರ್ಣ ಅಂಕಿಯಾಗದೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಒಂದು ಹಲಗೆ ಕೊಯ್ಯದ ಸೋಮಾರಿತನಕ್ಕೆ ನಾನು ಸರಿಯಾಗಿ ಒಂದಡಿ ತಿಂದಿದ್ದೆ.

ಆಗಲೇ ಅವರು ಚಹಾ ಕೊಡುತ್ತ ಹೇಳಿದರು. ಒಬ್ಬಳೇ ಮಗಳು, ಈಗ ಏಳು ತಿಂಗಳು. ಈ ಖೋಲಿಗೇ ಕರೆತರುತ್ತೇವೆ, ಹೆರಿಗೆಗೆ ದವಾಖಾನೆಗೆ ಒಯ್ದು ಮತ್ತೆ ಇಲ್ಲಿಗೇ ತರುತ್ತೇವೆ. ಹಿಂದಿನ ಎರಡು ಕೂಸು ಉಳಿಯಲಿಲ್ಲ. ಇದು ಮೂರನೆಯದು. ಅಷ್ಟು ಹೇಳಿ ಹೊಸ ಗೋಡೆಯ ಕಡೆ ನೋಡುತ್ತ, "ನಿಮ್ಮಪ್ಪ ಆಯ ನೋಡಿಕೊಟ್ಟ ಖೋಲಿ ತಮ್ಮಾ ಇದು" ಎಂದರು.

ನನ್ನ ಬಾಯಿಯ ಚಹಾ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಆ ತಾಯಿಯ ತಲೆಯಲ್ಲಿ ಕತ್ತೆ ಹೊಕ್ಕು ಕೂರುತ್ತದೆ, ಅವರಿಂದ ಮಗಳ ತಲೆಗೂ ಹೋಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಒಳಗಿನ ಮಾತು ಬೇರೆ ಇತ್ತು. ನಾಳೆ ಏನಾದರೂ ಆದರೆ ಮುಂಡರಗಿಯಲ್ಲೆಲ್ಲ ಸಾಬರ ಮಗನ ಗೋಡೆ ಕೂಸನ್ನು ತಿಂದಿತು ಎಂದಾಗುತ್ತದೆ ಎಂಬ ಅಂಜಿಕೆ. ಮೊದಲು ನೆನಪಾದದ್ದು ಕೂಸಲ್ಲ, ನನ್ನ ಹೆಸರು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಗದಗಿನ ಬಸ್ಸು ಹತ್ತಿದೆ. ಡಂಬಳದಲ್ಲಿ ಇಬ್ಬರು ಮುದುಕರು ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತರು. ಒಬ್ಬ ಯಾವುದೋ ಹೊಲದ ವ್ಯಾಜ್ಯ ಹೇಳುತ್ತಿದ್ದ, ಇನ್ನೊಬ್ಬ ಮಾತಿಗೊಮ್ಮೆ "ಖರೆ, ಖರೆ" ಎನ್ನುತ್ತಿದ್ದ. ನಮ್ಮ ಕಡೆ ಖರೆ ಎಂದರೆ ನಿಜ. ನನ್ನ ಕಿವಿಗೆ ಮಾತ್ರ ಖರ, ಖರ ಎಂದೇ ಬೀಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ತಿರುಗಿ ಆ ಮುದುಕನ ಮುಖ ನೋಡಿದೆ. ಅವನು ನನಗೂ ಒಂದು ಸಲ ಖರೆ ಎಂದ.

ಮುಂದಿನ ಮೂರು ವಾರ ನಾನು ನನ್ನ ಕೈಯಲ್ಲಿರಲಿಲ್ಲ. ಹೋದಲ್ಲೆಲ್ಲ ಅಳೆಯತೊಡಗಿದೆ. ಶಿರಹಟ್ಟಿಯಲ್ಲಿ ಒಬ್ಬರ ಪಡಸಾಲೆಗೆ ಹಲಗೆ ಹಚ್ಚಲು ಹೋಗಿ ಕೆಲಸಕ್ಕಿಂತ ಮೊದಲು ಅವರ ಅಡುಗೆಮನೆಯ ಆಯ ತೆಗೆದೆ. ಶ್ವಾನ ಬಂತು. ಆ ಮನೆಯವರು ದಷ್ಟಪುಷ್ಟವಾಗಿ ನಗುತ್ತ ಊಟ ಮಾಡುತ್ತಿದ್ದರು, ನಾನೊಬ್ಬನೇ ಬೆವರುತ್ತಿದ್ದೆ. ಲಕ್ಷ್ಮೇಶ್ವರದ ಒಂದು ಬಟ್ಟೆ ಅಂಗಡಿಯಲ್ಲಿ ಗೋಡೆ ಪೂರ್ತಿ ಅಡಿಗೆ ಬರಬಾರದೆಂದು ಪ್ರತಿ ಹಲಗೆಯನ್ನೂ ಒಂದೊಂದು ಇಂಚು ಕೊಯ್ದೆ. ಕೊಯ್ದ ಅಂಚುಗಳು ಮೊದಲ ಮಳೆಗೇ ಉಬ್ಬಿ, ಅಂಗಡಿಯವರು ಕರೆಸಿ ಬೈದರು. ಬೈಸಿಕೊಂಡು ಸುಮ್ಮನೆ ಬಂದೆ. ಬೇರೆ ಸಮಯವಾಗಿದ್ದರೆ ನಾನೂ ಎರಡು ಮಾತು ತಿರುಗಿಸಿ ಬರುತ್ತಿದ್ದೆ. ಜುಮ್ಮಾ ನಮಾಜಿಗೆ ನಿಂತಾಗ ಮುಂದಿನ ಸಾಲಿನ ಚಾಪೆಯ ಉದ್ದಗಲವೇ ಕಣ್ಣಿಗೆ ಬೀಳುತ್ತಿತ್ತು. ನಾನು ಈ ಲೆಕ್ಕವನ್ನು ನಂಬುತ್ತೇನೆಯೇ? ಯಾರಾದರೂ ಕೇಳಿದ್ದರೆ ಇಲ್ಲ ಎಂದೇ ಹೇಳುತ್ತಿದ್ದೆ. ಆದರೂ ಏಳು ತಿಂಗಳಿಗೆ ಮೂರು ವಾರ ಸೇರಿಸಿದರೆ ಎಷ್ಟಾಯಿತು ಎಂದು ದಿನಾ ಬೆರಳು ಮಡಿಚುತ್ತಿದ್ದೆ.

ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಮಾತ್ರ ಬೆಕ್ಕಿನದು. ಒಂದು ಬೆಳಿಗ್ಗೆ ನಾನು ಹಲಗೆ ಕೊಯ್ಯುವ ಸದ್ದು ಕೇಳುತ್ತ ಕೂತವನು ಗರಗಸ ನಿಲ್ಲಿಸಲು ಹೇಳಿದ. ನೀನು ಕೊಯ್ಯುತ್ತಿಲ್ಲ, ಯಾರ ಮೇಲಿನದೋ ಸಿಟ್ಟು ತೀರಿಸುತ್ತಿದ್ದೀಯ, ಏನದು ಎಂದ. ಮುಂಡರಗಿಯ ಗೋಡೆಯ ಮಾತು ತೆಗೆದೆ, ಸುತ್ತಿ ಬಳಸಿ. ಅಪ್ಪನಿಗೆ ಸುತ್ತಿ ಬಳಸುವುದು ಆಗದು.

"ಎಷ್ಟ ಅಡಿ ತಿಂದಿ?"

"ಒಂದು."

ಅವನ ತುಟಿ ಅಲುಗಿದ್ದನ್ನು ನೋಡಿದೆ. ಅಷ್ಟರಲ್ಲಿ ಲೆಕ್ಕ ಮುಗಿದಿತ್ತು. "ಆಕಿಗೆ ಹೇಳಿದಿ ಏನು?"

ಇಲ್ಲ ಎಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ಹಲಗೆಯ ತುಂಡನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಆಯ ಗ್ವಾಡಿಗಲ್ಲಲೇ. ಮನ್ಯಾಗ ಇರಾವರ ನಿದ್ದಿಗೆ. ಆಕಿ ನಿದ್ದಿ ಸಲುವಾಗಿ ನಾ ಅವತ್ತ ಲೆಕ್ಕಾ ಹಾಕಿಕೊಟ್ಟಿದ್ದೆ."

ಗೋಡೆಯನ್ನು ಕಿತ್ತು ಹಿಂದೆ ಸರಿಸಲು ಆಗದು, ಹಿಂದೆ ಉಬ್ಬು ಇದೆ ಎಂದೆ. ಕಿತ್ತು ಹಾಕು ಎಂದು ಯಾರು ಹೇಳಿದರು ಎಂದ. ಪಕ್ಕದ ಬಡಗಣ ಗೋಡೆಯನ್ನೂ ಅರ್ಧ ಅಡಿ ಮುಂದೆ ತಾ. ಹತ್ತಡಿಗೆ ಹತ್ತೂವರೆ ಅಡಿ, ನೂರಾ ಐದು. ಎಂಟು ಹದಿಮೂರಲಿ ನೂರಾ ನಾಲ್ಕು ತೆಗೆ, ಒಂದು ಉಳಿಯುತ್ತದೆ, ಮತ್ತೆ ಧ್ವಜ. ಕಣ್ಣಿಲ್ಲದೆ, ಕೋಲು ಇಲ್ಲದೆ, ಕೂತಲ್ಲೇ ಇದನ್ನು ಹೇಳಿದ ಮನುಷ್ಯನ ಮುಂದೆ ನನ್ನ ಲೇಸರ್ ಅಳತೆ ಯಂತ್ರವನ್ನು ಅಟ್ಟಕ್ಕೆ ಎಸೆಯಬೇಕೆನ್ನಿಸಿತು. ಆದರೆ ಅವ್ವಾರಿಗೆ ಖರೆ ಹೇಳಿಯೇ ಕೆಲಸ ಮಾಡಬೇಕು ಎಂದ. ಹ್ಞೂಂ ಎಂದೆ. ಮನಸ್ಸಿನಲ್ಲಿ ಬೇರೆ ಹೂಡಿದ್ದೆ. ಡಿಸೈನು ಅರ್ಧಕ್ಕೆ ನಿಂತಂತೆ ಕಾಣುತ್ತದೆ, ಪಕ್ಕದ ಗೋಡೆಗೂ ಹಚ್ಚಿಕೊಡುತ್ತೇನೆ, ನನ್ನ ಖುಷಿಗೆ ಎಂದು ಹೇಳುವುದು. ಕತ್ತೆ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯುವುದು ಬೇಡ.

ಮರುದಿನವೇ ಹಲಗೆಗಳನ್ನು ಗಾಡಿಗೆ ಹೇರಿಕೊಂಡು ಮುಂಡರಗಿಗೆ ಹೋದೆ. ಮನೆಯ ಬಾಗಿಲಲ್ಲಿ ಹೊಸ ಚಪ್ಪಲಿ ಕಂಡವು. ಮಗಳು ಬಂದುಬಿಟ್ಟಿದ್ದಳು. ಕಾಲು ಬಾತಿದ್ದವೆಂದು, ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಕರೆತಂದಿದ್ದರು. ಆ ಖೋಲಿಯಲ್ಲೇ ಮಂಚ, ಮಂಚದ ತಲೆ ನನ್ನ ಗೋಡೆಗೆ. ಅವಳು ಮಗ್ಗುಲಾಗಿ ಮಲಗಿ ಟಿವಿ ನೋಡುತ್ತಿದ್ದಳು, ಕೈತುಂಬ ಹಸಿರು ಬಳೆ. ಗೋಡೆ ಭಾಳ ಚಂದ ಆಗಿದೆ ಎಂದಳು. ಅವಳ ಮುಖವನ್ನು ಸರಿಯಾಗಿ ನೋಡಲು ನನಗಾಗಲಿಲ್ಲ.

ಅವ್ವಾರ ಹಿಂದಿನಿಂದ ಬಂದು ಗಾಡಿಯ ಕಡೆ ನೋಡಿ, ಇದೇನು ಎಂದರು. ಹೂಡಿಕೊಂಡು ಬಂದಿದ್ದ ಸುಳ್ಳನ್ನು ಒಪ್ಪಿಸಿದೆ. ಅವರು ತಲೆ ಅಲ್ಲಾಡಿಸಿದರು. ನಮ್ಮ ಕಡೆ ಬಸುರಿ ಇದ್ದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಕಟ್ಟಿಗೆ ಕೊಯ್ಯುವುದಿಲ್ಲ, ಗುದ್ದಲಿ ಮುಟ್ಟುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲೂ ಪಾಲಿಸುತ್ತಾರೆ. ಅಂಜಿಕೆಯಲ್ಲಿ ಮರೆತೇ ಹೋಗಿತ್ತು. ಅತ್ತ ದರಿ, ಇತ್ತ ಪುಲಿ. ಒಂದು ಶಾಸ್ತ್ರವನ್ನು ಸರಿಮಾಡಲು ಇನ್ನೊಂದನ್ನು ಮುರಿಯಬೇಕು. ಒಂದೂ ಮೊಳೆ ಹೊಡೆಯುವುದಿಲ್ಲ, ಎಲ್ಲವೂ ಅಂಟಿನ ಕೆಲಸ, ಸದ್ದೇ ಆಗುವುದಿಲ್ಲ ಎಂದು ಬೇಡಿಕೊಂಡೆ. ಬೇಡ ಎಂದರು. ನಾನು ಬಿಡಲಿಲ್ಲ. ಗಿರಾಕಿ ಬೇಡವೆಂದರೂ ಪುಕ್ಕಟೆ ಹಚ್ಚುತ್ತೇನೆ ಎಂದು ಹಟ ಹಿಡಿದ ಬಡಗಿಯನ್ನು ಯಾರು ನಂಬುತ್ತಾರೆ? ಅವರು ನನ್ನ ಮುಖವನ್ನೇ ನೋಡುತ್ತ ನಿಂತು, ಬಾ ಎಂದು ಖಾನಾವಳಿಗೆ ಕರೆದುಕೊಂಡು ಹೋದರು.

ಊಟದ ಹೊತ್ತು ಮುಗಿದಿತ್ತು. ಒಳಗೆ ಯಾರೂ ಇರಲಿಲ್ಲ. ಕೇಳದೆಯೇ ಒಂದು ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಂದಿಟ್ಟು ಎದುರಿಗೆ ಕೂತರು. ರೊಟ್ಟಿ ಮುರಿದೆ, ಬಾಯಿಗೆ ಹೋಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಹನ್ನೊಂದು ಹತ್ತಲಿ ನೂರಾ ಹತ್ತು, ಆರು ಉಳಿದದ್ದು, ಖರ, ಮೂರು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು, ತಪ್ಪು ಪೂರಾ ನನ್ನದು, ಹಲಗೆ ಕೊಯ್ಯದ ಸೋಮಾರಿತನ.

ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ಎಂಟರ ಮಗ್ಗಿ ನನಗೂ ಬರ್ತೈತಿ ತಮ್ಮಾ."

ನನಗೆ ಅರ್ಥವಾಗಲಿಲ್ಲ. ಅವರು ನಿಧಾನಕ್ಕೆ ಹೇಳಿದರು. ಮನೆ ಕಟ್ಟುವಾಗ ಅಪ್ಪ ಇದ್ದಿಲಿನಿಂದ ನೆಲದ ಮೇಲೆ ಲೆಕ್ಕ ಬರೆದದ್ದು, ಆ ಎಂಟು ಹೆಸರು, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು. ಮಗಳ ಮೊದಲ ಬಸುರಿಗೆ ಇದೇ ಖೋಲಿಗೆ ಕರೆತಂದಿದ್ದರು, ಧ್ವಜಾಯದ ಖೋಲಿ ಎಂದು. ಎಂಟು ತಿಂಗಳಿಗೆ ಹೊಟ್ಟೆಯಲ್ಲೇ ಹೋಯಿತು. ಎರಡನೆಯದನ್ನು ದವಾಖಾನೆಯಿಂದ ಇದೇ ಖೋಲಿಗೆ ತಂದು ಮಲಗಿಸಿದ್ದರು. ಹನ್ನೊಂದು ದಿನ ಇತ್ತು. ಆ ಎರಡು ಕೂಸು ಯಾವ ಮನೆಯಲ್ಲಿ ಹೋದವು ಎಂದು ನಾನು ಕೇಳಿರಲೇ ಇಲ್ಲ. ಯಾವುದೋ ಬೇರೆ ಮನೆಯಲ್ಲಿ, ಆಯ ತಪ್ಪಿದ ಮನೆಯಲ್ಲಿ ಎಂದು ನಾನೇ ಅಂದುಕೊಂಡುಬಿಟ್ಟಿದ್ದೆ.

"ಅಣ್ಣಾರ ಲೆಕ್ಕಾ ತಪ್ಪ ಅಂತ ನಾ ಅನ್ನೂದಿಲ್ಲ" ಎಂದರು. "ಆದ್ರ ಧ್ವಜ ಎರಡ ಸಲ ಗಾಳಿಗಿ ಹಾರಿ ಹೋತು. ಕತ್ತೆ ಹಂಗಲ್ಲ. ಬೆನ್ನಿಗಿ ಹೇರಿದ್ದನ್ನ ಮುಟ್ಟಿಸೂ ತನಕಾ ಹೊರತೈತಿ. ಅದಕ್ಕ ಪೂರಾ ಒಂದಡಿ ಅಂದೆ ನಾನು."

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ನಾನು ತಾಟನ್ನೇ ನೋಡುತ್ತ ಕೂತೆ. ನನ್ನ ಜಾಣತನವೂ ನನ್ನದಾಗಿರಲಿಲ್ಲ, ನನ್ನ ತಪ್ಪೂ ನನ್ನದಾಗಿರಲಿಲ್ಲ. ಆ ಹೆಂಗಸು ರೊಟ್ಟಿ ಬಡಿಯುತ್ತ ಬಡಿಯುತ್ತ ಎಂಟು ಹೆಸರುಗಳಲ್ಲಿ ಒಂದನ್ನು ಆರಿಸಿಕೊಂಡಿದ್ದರು, ಎಲ್ಲರೂ ಹೆದರುವುದನ್ನು. ಗೋಡೆಯ ಸವಳು ನೆಪವಾಗಿತ್ತು, ಟಿವಿಯ ಗೂಡು ನೆಪವಾಗಿತ್ತು. ಏಳುವಾಗ ಒಂದೇ ಮಾತು ಕೇಳಿದರು. "ಅಣ್ಣಾರಿಗೆ ಇದನ್ನ ಹೇಳಬ್ಯಾಡ. ಅವರ ಜೀವಾ ಸಣ್ಣದ ಆಗತೈತಿ."

ಹಲಗೆಗಳನ್ನು ಹೇರಿಕೊಂಡು ಹೋದ ಗಾಡಿಯಲ್ಲೇ ತಿರುಗಿ ತಂದೆ. ದಾರಿಯಲ್ಲಿ ಅವನ್ನು ಹಿರೇಹಂದಿಗೋಳದ ಒಬ್ಬ ಗುರುತಿನವರ ಕೊಟ್ಟಿಗೆಯಲ್ಲಿ ಇಳಿಸಿ, ಬರಿ ಗಾಡಿಯಲ್ಲಿ ಅಂಗಡಿಗೆ ಬಂದೆ. ಅಪ್ಪ ಗಾಡಿಯ ಸದ್ದಿನಿಂದಲೇ ಭಾರ ಇದೆಯೋ ಇಲ್ಲವೋ ಹೇಳುವವನು. ಏನಾಯಿತು ಎಂದ. ನೂರಾ ಐದು, ಒಂದು ಉಳಿಯಿತು ಎಂದೆ. ಅವ್ವಾರಿಗೆ ಹೇಳಿದೆಯಾ ಎಂದ. ಹೇಳಿದೆ ಎಂದೆ, ಅದೊಂದು ನಿಜವಾಗಿತ್ತು. ಅಪ್ಪ ಗೋಡೆಗೊರಗಿ ಅಂಗಡಿಯಲ್ಲೇ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು.

ನನ್ನ ಅಂಜಿಕೆ ಕಡಿಮೆಯಾಯಿತೆಂದು ಯಾರಾದರೂ ತಿಳಿದರೆ ತಪ್ಪು. ಹೆಚ್ಚಾಯಿತು. ಮೊದಲು ಏನಾದರೂ ಆದರೆ ಬೈಸಿಕೊಳ್ಳುವವನು ನಾನು. ಈಗ ಏನಾದರೂ ಆದರೆ ಆ ತಾಯಿ ತನ್ನನ್ನೇ ಬೈದುಕೊಳ್ಳಬೇಕು, ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ. ಫೋನು ಬಂದಾಗಲೆಲ್ಲ ಮುಂಡರಗಿಯ ನಂಬರೇ ಎಂದು ನೋಡಿ, ಅಲ್ಲವೆಂದಾಗ ನಿರಾಳವೂ ಸಿಟ್ಟೂ ಒಟ್ಟಿಗೇ ಬರುತ್ತಿತ್ತು. ಕತ್ತೆಗಳನ್ನು ಕಂಡರೆ ಹೊಸ ಗೌರವ ಬಂದಿತ್ತು. ಬೆಟಗೇರಿಯ ಸಂತೆಯ ಹತ್ತಿರ ಅಗಸರ ಕತ್ತೆಯೊಂದು ಬಟ್ಟೆಯ ಗಂಟು ಹೊತ್ತು ನಿಂತಿರುತ್ತಿತ್ತು. ಇಳಿಸುವ ತನಕ ಅದು ಅಲುಗುತ್ತಿರಲಿಲ್ಲ. ಸೈಕಲ್ಲು ನಿಲ್ಲಿಸಿ ನೋಡಿದ್ದೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅದರ ಮುಂದೆ ನಿಂತು ದುವಾ ಮಾಡಿದ್ದೇನೆ.

ಐದು ವಾರ ಕಳೆಯಿತು. ಒಂದು ಬೆಳಿಗ್ಗೆ ಅಂಗಡಿಯ ಕದ ತೆಗೆಯುತ್ತಿದ್ದಾಗ ಫೋನು ಬಂತು. ಹೆಣ್ಣು ಕೂಸು, ಹುಟ್ಟಿ ಹನ್ನೆರಡು ದಿನವಾಯಿತು ಎಂದರು. ಹುಟ್ಟಿದ ದಿನ ಯಾಕೆ ಹೇಳಲಿಲ್ಲ ಎಂದು ಕೇಳುವವನಿದ್ದೆ, ಕೇಳಲಿಲ್ಲ. ಹನ್ನೊಂದು ದಾಟಲಿ ಎಂದು ಅವರು ಕಾದಿದ್ದರು. ಕದಕ್ಕೆ ಹಣೆ ಹಚ್ಚಿ ನಿಂತೆ.

ಯಾರು ಎಂದು ಒಳಗಿನಿಂದ ಅಪ್ಪ ಕೇಳಿದ. ಹೇಳಿದೆ. ತಡವರಿಸುತ್ತ ಎದ್ದು ಬಂದು ಕೈ ಚಾಚಿದ. ಫೋನಿನ ದನಿ ದೊಡ್ಡದು ಮಾಡಿ ಅವನ ಕಿವಿಯ ಹತ್ತಿರ ಹಿಡಿದೆ. ಅಲ್ಲಿ, ಆ ಖೋಲಿಯಿಂದಲೇ ಇರಬೇಕು, ಕೂಸು ಗಂಟಲು ಬಿಚ್ಚಿ ಅಳುತ್ತಿತ್ತು. ಅಪ್ಪ ಪೊರೆ ಬಂದ ಕಣ್ಣನ್ನು ಮುಚ್ಚಿ ಕೇಳಿದ. ಬಡಿದು ನೋಡಿದ ಗಡಿಗೆ ಗಟ್ಟಿ ಎಂದು ತಿಳಿದವನ ಮುಖ ಹೇಗಿರುತ್ತದೋ ಹಾಗಿತ್ತು.

"ಅಣ್ಣಾರ, ನಿಮ್ಮ ಲೆಕ್ಕಾ ಗಟ್ಟಿ ಐತ್ರಿ" ಎಂದರು ಅವ್ವಾರ ಆ ಕಡೆಯಿಂದ.

"ಧ್ವಜ ಐತಲ್ಲವಾ ತಂಗಿ" ಎಂದ ಅಪ್ಪ. "ಅದು ಕೈ ಬಿಡೂದಿಲ್ಲ."

ಒಂದು ಗಳಿಗೆ ಅಳು ಮಾತ್ರ ಕೇಳುತ್ತಿತ್ತು. ಆಮೇಲೆ, "ಹೌದ್ರಿ ಅಣ್ಣಾರ, ಬಿಡಲಿಲ್ಲ" ಎಂದರು.